ಜೇನು ವಿಷ, ಕುರಿಯ ಹೊಟ್ಟೆಹುಳು: ಮೊಟ್ಟೆ ಪರೀಕ್ಷೆ ಒಂದು ಹೇಳುತ್ತೆ, ಮರಿ ಪರೀಕ್ಷೆ ಇನ್ನೊಂದು ಹೇಳುತ್ತೆ. ಯಾವುದನ್ನು ನಂಬೋದು?

ಶಿರಾ_ಹಟ್ಟಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಎಂಟು ತಿಂಗಳ ಪ್ರಾಜೆಕ್ಟ್. ಶಿರಾ, ಪಾವಗಡ, ಮಧುಗಿರಿ ಕಡೆಯ ಕುರಿಗಳಿಗೆ ಬರುವ, ಹೊಟ್ಟೆಯಲ್ಲಿದ್ದು ರಕ್ತ ಹೀರುವ ಹೀಮಾಂಕಸ್ ಹುಳುವಿನ ಮೇಲೆ ಜೇನು ವಿಷ ಕೆಲಸ ಮಾಡುತ್ತಾ ಅಂತ ನೋಡಬೇಕು. ಆಲ್ಬೆಂಡಜೋಲ್ ಕುಡಿಸಿದರೂ ಹುಳು ಹೋಗುತ್ತಿಲ್ಲ ಅನ್ನುವ ಹಟ್ಟಿಗಳು ಹೆಚ್ಚುತ್ತಿವೆ, ಅದಕ್ಕೇ ಈ ವಿಷಯ ಆರಿಸಿದ್ದು. ವಿಷ ಗುಬ್ಬಿ ಕಡೆ ತೆಂಗಿನ ತೋಟದ ಮೆಲ್ಲಿಫೆರಾ (ಯುರೋಪಿನ ಜೇನು) ಪೆಟ್ಟಿಗೆಗಳಿಂದ ಸಿಗುತ್ತೆ. ಮೈಕ್ರೋಸ್ಕೋಪ್, 27 ಡಿಗ್ರಿಯ ಇನ್‌ಕ್ಯುಬೇಟರ್, ಸೆಂಟ್ರಿಫ್ಯೂಜ್ ಇವೆ. ದ್ರಾವಣದ ಬಣ್ಣ ಅಳೆಯುವ ಪ್ಲೇಟ್ ರೀಡರ್ ಪಕ್ಕದ ವಿಭಾಗದಲ್ಲಿದೆ.

ಈವರೆಗೆ ಬಂದ ಫಲಿತಾಂಶ ಹೀಗಿದೆ.

ಹುಳುವಿನ ಮೊಟ್ಟೆ ಒಡೆಯುವ ಪರೀಕ್ಷೆಯಲ್ಲಿ ಮಿ.ಲೀ.ಗೆ 200 ಮೈಕ್ರೋಗ್ರಾಂ ವಿಷ ಹಾಕಿದರೂ ಮೊಟ್ಟೆಗಳು ಬರೀ ನೀರಿನಲ್ಲಿದ್ದಷ್ಟೇ ಚೆನ್ನಾಗಿ ಒಡೆದು ಮರಿ ಬಂದವು. ಅದೇ ವಿಷವನ್ನು ಮರಿ ಬೆಳವಣಿಗೆಯ ಪರೀಕ್ಷೆಗೆ ಹಾಕಿದರೆ 25 ಮೈಕ್ರೋಗ್ರಾಂಗೇ ಏಳನೇ ದಿನ ಮೂರನೇ ಹಂತ ಮುಟ್ಟಿದ ಮರಿ ಹುಡುಕಿದರೂ ಸಿಗಲಿಲ್ಲ. ಮರಿಗಳಿಗೆ ಆಹಾರವಾಗಿ ಜೀವಂತ ಇ. ಕೋಲೈ ಹಾಕಿತ್ತು.

ಕುರಿ ರಕ್ತಕಣ ಒಡೆಯುವ ಪರೀಕ್ಷೆಯನ್ನು ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಹಾಕಿದ ರಕ್ತದಲ್ಲಿ, ಪಿಬಿಎಸ್‌ನಲ್ಲಿ (ಫಾಸ್ಫೇಟ್ ಸೇರಿಸಿದ ಉಪ್ಪುದ್ರಾವಣ) ಮಾಡಿದೆ. ಕಣ ಒಡೆಯೋದು ನಿರೀಕ್ಷೆಗಿಂತ ಕಡಿಮೆ ಬಂತು.

ಹಾಗಾದರೆ ವಿಷ ಮರಿಗಳನ್ನು ಕೊಲ್ಲುತ್ತೆ, ಕುರಿಗೆ ಅಷ್ಟೇನೂ ತೊಂದರೆ ಮಾಡಲ್ಲ ಅಂತ ಬರೆಯಬಹುದಾ? ಮುಂದೆ ದೊಡ್ಡ ಹುಳುವಿನ ಮೇಲೆ ನೋಡಬೇಕಾ, ಅಥವಾ ಲೀಶ್ಮೇನಿಯಾ ಥರದ ಏಕಕೋಶ ಜೀವಿಗೆ ಹೋಗಬೇಕಾ?

ಪಾವಗಡ_ಪಶುವೈದ್ಯ

ಹಾಗೆ ಬರೆಯಬೇಡಿ. ನಿಮ್ಮ ಮೂರು ಪರೀಕ್ಷೆಗಳಲ್ಲಿ ಮೊದಲನೆಯದು ಸರಿಯಾಗಿದೆ. ಎರಡನೆಯದು ಹುಳುವನ್ನು ಅಳೆದೇ ಇಲ್ಲ. ಮೂರನೆಯದರ ಬಗ್ಗೆ ರಸಾಯನ ಬಲ್ಲವರು ಹೇಳಲಿ.

ಮೊಟ್ಟೆಯದು ಮೊದಲು. ಹೀಮಾಂಕಸ್ ಮೊಟ್ಟೆ ಸುಮಾರು 75 ಮೈಕ್ರಾನ್ ಉದ್ದ, 45 ಅಗಲ. ಚಿಪ್ಪಿನಲ್ಲಿ ಕೈಟಿನ್ ಪದರ, ಅದರ ಒಳಗೆ ಕೊಬ್ಬಿನ ಪದರ. ಸಗಣಿಯಲ್ಲಿ, ಬಿಸಿಲಲ್ಲಿ, ಅಮೋನಿಯಾದಲ್ಲಿ ಬದುಕಲು ಕಟ್ಟಿಕೊಂಡಿರುವ ಗೋಡೆ ಅದು. ಆಲ್ಬೆಂಡಜೋಲ್ ಗುಂಪಿನದೇ ಆದ ಥಯಾಬೆಂಡಜೋಲ್ ಚಿಕ್ಕ, ಕೊಬ್ಬಿನಲ್ಲಿ ಕರಗುವ ಅಣು, ಹಾಗಾಗಿ ಒಳಗೆ ನುಸುಳುತ್ತೆ. ಜೇನು ವಿಷದ ಮುಖ್ಯ ಭಾಗ ಮೆಲಿಟಿನ್. 26 ಅಮೈನೋ ಆಮ್ಲಗಳ ಪೆಪ್ಟೈಡ್, ತೂಕ 2846 ಡಾಲ್ಟನ್, ಮೈಮೇಲೆ ಧನ ಆವೇಶ. ಅದು ಆ ಗೋಡೆ ದಾಟಲ್ಲ. 200 ಅಲ್ಲ, 1000 ಮೈಕ್ರೋಗ್ರಾಂ ಹಾಕಿದರೂ ಹೆಚ್ಚು ಬದಲಾಗುತ್ತೆ ಅಂತ ನನಗನ್ನಿಸಲ್ಲ. ಇದು ಸೋಲಲ್ಲ, ಉಪಯೋಗದ ಮಾಹಿತಿ. ಪ್ರಬಂಧದಲ್ಲಿ ಹಾಗೇ ಬರೆಯಿರಿ.

ಆದರೆ ಆ ಪರೀಕ್ಷೆ ನಂಬಿಕೆಗೆ ಬರಬೇಕಾದರೆ ಪಕ್ಕದಲ್ಲಿ ಥಯಾಬೆಂಡಜೋಲ್ ಸಾಲು ಇರಲೇಬೇಕು. ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಕರಗಿಸಿ, ಬಾವಿಯಲ್ಲಿ (ಪ್ಲೇಟಿನ ಸಣ್ಣ ಗುಳಿ) ಡಿಎಂಎಸ್‌ಓ ಶೇ 0.5 ದಾಟದಂತೆ ನೋಡಿಕೊಳ್ಳಿ. ಅರ್ಧ ಮೊಟ್ಟೆಗಳನ್ನು ತಡೆಯಲು ಮಿ.ಲೀ.ಗೆ 0.1 ಮೈಕ್ರೋಗ್ರಾಂಗಿಂತ ಹೆಚ್ಚು ಬೇಕಾಯಿತೋ, ನಿಮ್ಮ ಹಟ್ಟಿಯ ಹುಳು ಆಲ್ಬೆಂಡಜೋಲ್ ಗುಂಪಿನ ಔಷಧಿಗೆ ಬಗ್ಗುತ್ತಿಲ್ಲ ಅಂತ ಅಲ್ಲೇ ಗೊತ್ತಾಗುತ್ತೆ. ಒಂದೇ ಪ್ಲೇಟಿನಲ್ಲಿ ಎರಡು ಉತ್ತರ.

ಮೊಟ್ಟೆ ಹಳೆಯದಾದರೆ ಇದೆಲ್ಲ ವ್ಯರ್ಥ. ಹಿಕ್ಕೆಯನ್ನು ಗುದದಿಂದಲೇ ತೆಗೆದು, ಅರೆದು, ದೊಡ್ಡ ಕಣ್ಣಿನ ಜರಡಿಯಿಂದ ಶುರು ಮಾಡಿ 100 ಮೈಕ್ರಾನ್ ಜರಡಿವರೆಗೆ ಇಳಿಸಿ, ಕೊನೆಗೆ 25 ಮೈಕ್ರಾನ್ ಜರಡಿ ಮೇಲೆ ಹಿಡಿಯಿರಿ. ತುಂಬಿದ ಉಪ್ಪುನೀರಿನಲ್ಲಿ ತೇಲಿಸಿ, ತಕ್ಷಣ ಮೂರು ಸಲ ತೊಳೆಯಿರಿ. ಉಪ್ಪಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೊಟ್ಟೆ ಕುಗ್ಗುತ್ತೆ. ಹಿಕ್ಕೆ ತೆಗೆದ ಮೂರು ಗಂಟೆಯೊಳಗೆ ಬಾವಿಗೆ ಹೋಗಬೇಕು. ಶಿರಾದಿಂದ ತುಮಕೂರಿಗೆ ಬರುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತೆ, ಅದನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಹೊರಡಿ. ತಡವಾದರೆ ಒಳಗೆ ಭ್ರೂಣ ಬೆಳೆದುಬಿಟ್ಟು, ಥಯಾಬೆಂಡಜೋಲ್ ಕೆಲಸ ಮಾಡದ ಹಾಗೆ ಕಾಣುತ್ತೆ. ಬಾವಿಗೆ ಸುಮಾರು 100 ಮೊಟ್ಟೆ, 27 ಡಿಗ್ರಿಯಲ್ಲಿ 48 ಗಂಟೆ, ಆಮೇಲೆ ಲ್ಯೂಗಾಲ್ ಅಯೋಡಿನ್ ಒಂದು ಹನಿ ಹಾಕಿ ನಿಲ್ಲಿಸಿ ಎಣಿಸಿ.

ಇನ್ನು ಮರಿ ಪರೀಕ್ಷೆ. ಮೊಟ್ಟೆಯಿಂದ ಬಂದ ಮೊದಲೆರಡು ಹಂತದ ಮರಿಗಳು ಬ್ಯಾಕ್ಟೀರಿಯಾ ತಿಂದೇ ಬೆಳೆಯಬೇಕು. ನೀವು ಊಟಕ್ಕೆ ಹಾಕಿದ್ದು ಜೀವಂತ ಇ. ಕೋಲೈ. ಮೆಲಿಟಿನ್ ಇ. ಕೋಲೈಯನ್ನು ಚೆನ್ನಾಗಿ ಕೊಲ್ಲುತ್ತೆ. ಅಂದರೆ ನೀವು 25 ಮೈಕ್ರೋಗ್ರಾಂಗೆ ಮಾಡಿದ್ದು ಮರಿಯ ತಟ್ಟೆ ಕಿತ್ತುಕೊಂಡ ಕೆಲಸ. ಮರಿ ವಿಷಕ್ಕೆ ಸತ್ತಿತೋ ಹಸಿವಿಗೆ ಸತ್ತಿತೋ, ಏಳನೇ ದಿನ ನೋಡಿದರೆ ಬೇರೆ ಮಾಡೋಕೆ ಆಗಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಯಾವುದೇ ಪೆಪ್ಟೈಡ್ ಈ ಪರೀಕ್ಷೆಯಲ್ಲಿ ಜಂತುನಾಶಕದ ಹಾಗೇ ಕಾಣಿಸಿಕೊಳ್ಳುತ್ತೆ.

ಬಿಡಿಸಿಕೊಳ್ಳಲು ದಾರಿ ಇದೆ. ಮೊದಲು ಅದೇ ಪ್ಲೇಟಿನ ಮರಿಯಿಲ್ಲದ ಬಾವಿಗಳಲ್ಲಿ ಇ. ಕೋಲೈ ಮತ್ತು ವಿಷ ಮಾತ್ರ ಇಟ್ಟು, 24 ಗಂಟೆ ಬಿಟ್ಟು ಅಗಾರ್ ಮೇಲೆ ಹರಡಿ ಎಣಿಸಿ. ಊಟ ಎಷ್ಟು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತೆ. ಆಮೇಲೆ ವಿಷವನ್ನೂ ಊಟವನ್ನೂ ಬೇರೆ ಮಾಡಿ: ಹೊಸದಾಗಿ ಒಡೆದ ಮರಿಗಳನ್ನು ಊಟವಿಲ್ಲದೆ 2ರಿಂದ 4 ಗಂಟೆ ವಿಷದಲ್ಲಿ ಇಡಿ, ಮೂರು ಸಲ ತೊಳೆಯಿರಿ, ಹೊಸ ಬಾವಿಗೆ ಹಾಕಿ ಊಟ ಕೊಡಿ, ಏಳು ದಿನ ಬಿಡಿ. ಪಕ್ಕದಲ್ಲಿ ಬರೀ ನೀರಿನಲ್ಲಿ ಅಷ್ಟೇ ಹೊತ್ತು ಉಪವಾಸ ಇದ್ದ ಮರಿಗಳು. ಈ ಎರಡರ ನಡುವಿನ ವ್ಯತ್ಯಾಸವೇ ವಿಷದ ಪಾಲು. ಒಣಗಿಸಿದ ಸತ್ತ ಇ. ಕೋಲೈ ಊಟಕ್ಕೆ ಹಾಕುವ ರೂಢಿಯೂ ಇದೆ, ಆದರೆ ಸತ್ತ ಬ್ಯಾಕ್ಟೀರಿಯಾದ ಗೋಡೆಗೂ ಮೆಲಿಟಿನ್ ಅಂಟಿಕೊಳ್ಳುತ್ತೆ, ಮರಿಗೆ ಸಿಗುವ ವಿಷ ಕಡಿಮೆಯಾಗುತ್ತೆ. ಹಾಗಾಗಿ ಬೇರೆ ಮಾಡುವ ದಾರಿಯೇ ನನಗೆ ಹೆಚ್ಚು ಇಷ್ಟ.

ಮೂರನೇ ಹಂತದ ಮರಿಯ ಮೇಲೆ ನೇರ ವಿಷ ಹಾಕಿ ನೋಡುವ ಆಸೆ ಬಿಡಿ. ಅದು ಹಳೆಯ ಪೊರೆಯನ್ನೇ ಚೀಲದ ಹಾಗೆ ಹೊದ್ದಿರುತ್ತೆ, ಬಾಯಿಯಿಂದ ಏನನ್ನೂ ತಿನ್ನಲ್ಲ.

ತೆಂಗಿನತೋಟ_ಜೇನು

ವಿಷ ಹೇಗೆ ತೆಗೆದದ್ದು ಅಂತ ನೀವು ಬರೆದಿಲ್ಲ. ಅದೇ ಅರ್ಧ ವಿಷಯ.

ಗಾಜಿನ ಹಲಗೆ ಮೇಲೆ ತಂತಿ ಎಳೆದು, 12 ವೋಲ್ಟ್ ಬ್ಯಾಟರಿಯಿಂದ ಕೆಲವು ಸೆಕೆಂಡ್ ಮಿಡಿತ, ಕೆಲವು ಸೆಕೆಂಡ್ ಬಿಡುವು ಕೊಡುವ ಸಾಧನ ಅಂತ ಇಟ್ಟುಕೊಳ್ಳುತ್ತೇನೆ. ಜೇನುಹುಳ ಗಾಜಿಗೆ ಚುಚ್ಚುತ್ತೆ, ಮುಳ್ಳು ಗಾಜಿನಲ್ಲಿ ಸಿಕ್ಕಿಕೊಳ್ಳಲ್ಲ, ಹುಳ ಬದುಕುತ್ತೆ. ಹನಿ ಕೆಲವೇ ನಿಮಿಷದಲ್ಲಿ ಒಣಗಿ ಬಿಳಿ ಪುಡಿಯಾಗುತ್ತೆ. ಹಳದಿ ಅಥವಾ ಕಂದು ಬಣ್ಣ ಇದ್ದರೆ ಪರಾಗ, ಜೇನುತುಪ್ಪ, ಹುಳದ ಹಿಕ್ಕೆ ಸೇರಿದೆ ಅಥವಾ ಗಾಳಿ ಬೆಳಕಿಗೆ ಹೆಚ್ಚು ಹೊತ್ತು ಬಿಟ್ಟಿದ್ದಾರೆ ಅಂತ ಅರ್ಥ. ಅಂಥ ವಿಷವನ್ನು ಪ್ರಯೋಗಕ್ಕೆ ತಗೋಬೇಡಿ. 20ರಿಂದ 30 ನಿಮಿಷಕ್ಕೆ ನಿಲ್ಲಿಸಿ, ಅದೇ ಪೆಟ್ಟಿಗೆಗೆ ಎರಡು ವಾರ ಮತ್ತೆ ಕೈ ಹಾಕಬೇಡಿ.

ತುಡುವೆ ಜೇನಿಗೆ ಈ ಹಲಗೆ ಇಡಬೇಡಿ. ಅದಕ್ಕೆ ಕಿರುಕುಳ ಕೊಟ್ಟರೆ ಗೂಡು ಬಿಟ್ಟೇ ಹೊರಟುಹೋಗುತ್ತೆ. ಹೆಜ್ಜೇನಿನ ಹತ್ತಿರ ಹೋಗುವ ಮಾತೇ ಬೇಡ.

ಹಲಗೆ ಇಟ್ಟ ಸ್ವಲ್ಪ ಹೊತ್ತಿಗೆ ಬಾಳೆಹಣ್ಣಿನ ವಾಸನೆ ಬರುತ್ತೆ. ಅದು ಹುಳಗಳು ಅಪಾಯ ಸಾರುವ ವಾಸನೆ, ಐಸೊಪೆಂಟೈಲ್ ಅಸಿಟೇಟ್. ಅಕ್ಕಪಕ್ಕದ ಪೆಟ್ಟಿಗೆಗಳೂ ಕೆರಳುತ್ತವೆ. ತೋಟದಲ್ಲಿ ಕಟ್ಟಿಹಾಕಿದ ಹಸು, ಕುರಿ ಇದ್ದರೆ ಮೊದಲು ಬಿಚ್ಚಿ ದೂರ ಹೊಡೆಯಿರಿ. ಮನುಷ್ಯ ಓಡಿ ತಪ್ಪಿಸಿಕೊಳ್ಳಬಹುದು, ಗೂಟಕ್ಕೆ ಕಟ್ಟಿದ ದನ ಓಡಲಾರದು. ಕಾಯಿ ಕೀಳುವವರು ಮರ ಹತ್ತಿರುವ ದಿನ ಈ ಕೆಲಸ ಬೇಡವೇ ಬೇಡ.

ಬ್ಲೇಡಿನಿಂದ ಕೆರೆಯುವಾಗ ಫ್ಯಾನ್ ಆರಿಸಿ. ಪುಡಿ ಕಣ್ಣಿಗೆ, ಮೂಗಿಗೆ ಹೋದರೆ ಉರಿ ತಡೆಯಕ್ಕಾಗಲ್ಲ. ಅದಕ್ಕಿಂತ ದೊಡ್ಡ ಅಪಾಯ, ದಿನಾ ಸ್ವಲ್ಪ ಸ್ವಲ್ಪ ಉಸಿರಿಗೆ ಹೋದವರಿಗೆ ಅಲರ್ಜಿ ಕಟ್ಟಿಕೊಂಡು, ಮುಂದೆ ಒಂದು ದಿನ ಒಂದೇ ಹುಳ ಕಚ್ಚಿದರೂ ಉಸಿರು ಕಟ್ಟಬಹುದು. ಮಾಸ್ಕ್, ಕನ್ನಡಕ, ಎರಡು ಜೊತೆ ಕೈಗವಸು. ಅಡ್ರಿನಲಿನ್ ಇಂಜೆಕ್ಷನ್ ಇರುವ ಆಸ್ಪತ್ರೆ ಎಷ್ಟು ದೂರ ಅಂತ ಮೊದಲೇ ತಿಳಿದಿರಿ. ಒಣ ಪುಡಿಯನ್ನು ಕಪ್ಪು ಸೀಸೆಯಲ್ಲಿ, ಸಿಲಿಕಾ ಜೆಲ್ ಜೊತೆ, ಮೈನಸ್ 20ರಲ್ಲಿ ಇಡಿ. ಸೀಸೆಯನ್ನು ಫ್ರೀಜರಿನಿಂದ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ, ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ. ಇಲ್ಲದಿದ್ದರೆ ತೇವ ಹಿಡಿದು ಗಟ್ಟಿಯಾಗುತ್ತೆ, ತೂಕವೂ ಸುಳ್ಳಾಗುತ್ತೆ.

ಕೋಲಾರ_ಪೆಪ್ಟೈಡ್

ರಕ್ತಕಣದ ಪರೀಕ್ಷೆಗೆ ಬರುತ್ತೇನೆ. ನಿಮಗೆ ಕಡಿಮೆ ಬಂದಿರೋದಕ್ಕೆ ಎರಡು ಕಾರಣ ಕಾಣುತ್ತಿವೆ, ಎರಡೂ ನಿಮ್ಮ ವಿಧಾನದೊಳಗೇ ಇವೆ.

ಒಂದು, ಇಡಿಟಿಎ ಮತ್ತು ಪಿಬಿಎಸ್. ಜೇನು ವಿಷದಲ್ಲಿ ಮೆಲಿಟಿನ್ ಒಣ ತೂಕದ ಅರ್ಧದಷ್ಟು, ಫಾಸ್ಫೊಲೈಪೇಸ್ ಎ2 ಶೇ 10ರಿಂದ 12. ಈ ಕಿಣ್ವಕ್ಕೆ ಕ್ಯಾಲ್ಸಿಯಂ ಇಲ್ಲದೆ ಕೈ ಆಡಲ್ಲ. ಇಡಿಟಿಎ ಇರುವ ಕ್ಯಾಲ್ಸಿಯಂ ಎಲ್ಲಾ ಹಿಡಿದಿಟ್ಟುಕೊಳ್ಳುತ್ತೆ, ಪಿಬಿಎಸ್‌ನಲ್ಲಿ ಕ್ಯಾಲ್ಸಿಯಂ ಇರೋದೇ ಇಲ್ಲ. ಮೆಲಿಟಿನ್ ಪೊರೆಯನ್ನು ಸಡಿಲ ಮಾಡಿಕೊಟ್ಟ ಮೇಲೆ ಕಿಣ್ವ ಬಂದು ಕತ್ತರಿಸೋದು ವಿಷದ ನಿಜವಾದ ಕೆಲಸ. ನೀವು ಅದರ ಒಂದು ಕೈ ಕಟ್ಟಿ ಅಳೆದಿದ್ದೀರಿ. ಹೆಪಾರಿನ್ ರಕ್ತ ತಗೊಳ್ಳಿ, ಟ್ರಿಸ್ ಸೇರಿಸಿದ ಉಪ್ಪುದ್ರಾವಣದಲ್ಲಿ (ಪಿಎಚ್ 7.4) ಮೂರು ಸಲ ತೊಳೆಯಿರಿ, 2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ. ಪಿಬಿಎಸ್‌ಗೆ ಕ್ಯಾಲ್ಸಿಯಂ ಸೇರಿಸಬೇಡಿ, ಫಾಸ್ಫೇಟ್ ಜೊತೆ ಸೇರಿ ಮಸುಕಾಗಬಹುದು, ರೀಡರ್ ಅದನ್ನೇ ಓದುತ್ತೆ.

ಎರಡು, ಕುರಿಯ ರಕ್ತಕಣವೇ ಬೇರೆ ಜಾತಿ. ಮನುಷ್ಯನ ರಕ್ತಕಣದ ಪೊರೆಯಲ್ಲಿ ಫಾಸ್ಫಟಿಡೈಲ್ ಕೋಲೀನ್ ಎಂಬ ಕೊಬ್ಬು ಧಾರಾಳ. ಕುರಿ, ದನಗಳಲ್ಲಿ ಅದು ಇಲ್ಲವೇನೋ ಅನ್ನುವಷ್ಟು ಕಡಿಮೆ, ಆ ಜಾಗದಲ್ಲಿ ಸ್ಫಿಂಗೋಮಯಲಿನ್ ತುಂಬಿರುತ್ತೆ. ಫಾಸ್ಫೊಲೈಪೇಸ್ ಎ2 ಸ್ಫಿಂಗೋಮಯಲಿನ್ ಕತ್ತರಿಸಲ್ಲ. ಹಾಗಾಗಿ ಕುರಿ ಕಣದ ಮೇಲೆ ಸೌಮ್ಯವಾಗಿ ಕಂಡ ವಿಷ ಕುರಿಯ ಸ್ನಾಯು, ಕರುಳಿನ ಜೀವಕೋಶಕ್ಕೂ ಸೌಮ್ಯ ಅಂತ ತಿಳಿಯಬೇಡಿ. ಮನುಷ್ಯನ ಕಣದ ಮೇಲೂ ಒಂದು ಸಾಲು ನೋಡಿ (ನೀತಿ ಸಮಿತಿಯ ಅನುಮತಿ ಪಡೆದು), ಜೊತೆಗೆ ಲ್ಯಾಬಿನಲ್ಲಿ ಬೆಳೆಸುವ ಯಾವುದಾದರೂ ಜೀವಕೋಶದ ಮೇಲೂ.

ವಿಧಾನ: ಶೇ 2 ಕಣ, 37 ಡಿಗ್ರಿ, 1 ಗಂಟೆ. ಸೆಂಟ್ರಿಫ್ಯೂಜಿನಲ್ಲಿ 1000 ಜಿ (ಗುರುತ್ವದ ಸಾವಿರ ಪಟ್ಟು) ವೇಗಕ್ಕೆ 5 ನಿಮಿಷ ತಿರುಗಿಸಿ, ಮೇಲಿನ ದ್ರಾವಣವನ್ನು 540 ನ್ಯಾನೋಮೀಟರಿನಲ್ಲಿ ಓದಿ. ಕಣವನ್ನೆಲ್ಲ ಒಡೆಯುವ ಮಾರ್ಜಕ ಟ್ರೈಟಾನ್ ಎಕ್ಸ್ 100 ಶೇ 1 ಹಾಕಿದ್ದು ನೂರು, ಬರೀ ದ್ರಾವಣ ಸೊನ್ನೆ. ಅದಾದ ಮೇಲೆ ಅದೇ ಗುಂಪನ್ನು 24 ಗಂಟೆಗೂ ಓದಿ. ಹುಳುವಿಗೆ 24 ಗಂಟೆ, ಕಣಕ್ಕೆ 1 ಗಂಟೆ ಕೊಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟರೆ ತಕ್ಕಡಿಯ ಒಂದು ತಟ್ಟೆಗೆ ಕೈ ಇಟ್ಟ ಹಾಗೆ.

ಈಗ ಪ್ರಮಾಣದ ಬಗ್ಗೆ. "ಮಿ.ಲೀ.ಗೆ 25 ಮೈಕ್ರೋಗ್ರಾಂ ವಿಷ" ಅಂದಿರಿ. ಯಾವುದರ 25? ತೂಕ ಮಾಡಿದ ಪುಡಿಯಲ್ಲಿ ಕರಗದ ಕಸವೂ ಇರುತ್ತೆ. ನೀರಿನಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ ಕರಗಿಸಿ, 10,000 ಜಿಯಲ್ಲಿ 10 ನಿಮಿಷ ತಿರುಗಿಸಿ, ತಳ ಬಿಟ್ಟುಬಿಡಿ. ಮೇಲಿನದನ್ನು ಅಳೆಯಲು ಬ್ರಾಡ್‌ಫರ್ಡ್ ಬಣ್ಣ ಬಳಸಬೇಡಿ. 3000 ಡಾಲ್ಟನ್‌ಗಿಂತ ಚಿಕ್ಕ ಪೆಪ್ಟೈಡ್ ಅದಕ್ಕೆ ಸರಿಯಾಗಿ ಕಾಣಲ್ಲ, ಅಂದರೆ ವಿಷದ ಅರ್ಧ ಭಾಗವೇ ಲೆಕ್ಕ ತಪ್ಪುತ್ತೆ. ಸಿ18 ಕಾಲಮ್ಮಿನಲ್ಲಿ ಎಚ್‌ಪಿಎಲ್‌ಸಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಮಾಡಿಸಿ, 220 ನ್ಯಾನೋಮೀಟರಿನಲ್ಲಿ ಮೆಲಿಟಿನ್ ಶಿಖರವನ್ನು ಶುದ್ಧ ಮೆಲಿಟಿನ್ ಜೊತೆ ಹೋಲಿಸಿ. ಶುದ್ಧ ಮೆಲಿಟಿನ್ ದ್ರಾವಣವಾದರೆ 280ರಲ್ಲೂ ಅಳೆಯಬಹುದು. ಅದರಲ್ಲಿ ಒಂದೇ ಒಂದು ಟ್ರಿಪ್ಟೊಫಾನ್ ಇದೆ, ಟೈರೊಸಿನ್ ಇಲ್ಲ. ಮಿ.ಲೀ.ಗೆ 1 ಮಿ.ಗ್ರಾಂ ಇದ್ದರೆ ಓದು 1.9ರ ಹತ್ತಿರ ಬರಬೇಕು. 10 ಮೈಕ್ರೋಗ್ರಾಂ ಅಂದರೆ 3.5 ಮೈಕ್ರೋಮೋಲಾರ್, ಎಲ್ಲ ಫಲಿತಾಂಶವನ್ನೂ ಮೋಲಾರ್‌ನಲ್ಲೂ ಬರೆಯಿರಿ.

ಕೃತಕ ಮೆಲಿಟಿನ್ ಕೊಳ್ಳುವಾಗ ಕೊನೆಯ ತುದಿ ಅಮೈಡ್ ಆಗಿದೆಯೇ ಅಂತ ಕೇಳಿ, ಜೇನುಹುಳದ್ದು ಹಾಗೇ ಇರುತ್ತೆ. ಸೀಸೆಯ ಮೇಲೆ 5 ಮಿ.ಗ್ರಾಂ ಅಂತಿದ್ದರೂ ಅದರಲ್ಲಿ ಶುದ್ಧೀಕರಣದಿಂದ ಉಳಿದ ಟಿಎಫ್‌ಎ ಆಮ್ಲದ ಉಪ್ಪು, ತೇವ ಸೇರಿರುತ್ತೆ. ನಿವ್ವಳ ಪೆಪ್ಟೈಡ್ ಎಷ್ಟು ಅನ್ನೋದು ಬೇರೆ ಕಾಗದದಲ್ಲಿ ಇರುತ್ತೆ, ಅದನ್ನು ಕೇಳಿ ತಗೊಂಡು ಲೆಕ್ಕ ಮಾಡಿ.

ಪ್ಲಾಸ್ಟಿಕ್ಕೂ ನುಂಗುತ್ತೆ. ಧನ ಆವೇಶದ ಪೆಪ್ಟೈಡ್ ಸಾಮಾನ್ಯ ಪಾಲಿಸ್ಟೈರೀನ್ ಬಾವಿಯ ಗೋಡೆಗೆ ಅಂಟುತ್ತೆ. 1 ಮೈಕ್ರೋಗ್ರಾಂ ಅಂತ ಹಾಕಿದ ಬಾವಿಯಲ್ಲಿ ದ್ರಾವಣದಲ್ಲಿ ಉಳಿದಿರೋದು ಎಷ್ಟೋ. ಪಾಲಿಪ್ರೊಪಿಲೀನ್ ಪ್ಲೇಟಿನಲ್ಲಿ ದುರ್ಬಲಗೊಳಿಸಿ, ಕೊನೆಯ ಕ್ಷಣದಲ್ಲಿ ವರ್ಗಾಯಿಸಿ. ಸೋಸುವುದಾದರೆ ನೈಲಾನ್ ಬೇಡ, ಪಿವಿಡಿಎಫ್ ಬಳಸಿ, ಮೊದಲ ಕೆಲವು ಹನಿ ಚೆಲ್ಲಿಬಿಡಿ.

ಒಂದು ಸಮಾಧಾನದ ಲೆಕ್ಕ. 100 ಮೈಕ್ರೋಗ್ರಾಂನಿಂದ ಶುರು ಮಾಡಿ ಅರ್ಧ ಅರ್ಧ ಇಳಿಸುತ್ತಾ ಎಂಟು ಪ್ರಮಾಣ, ಬಾವಿಗೆ 100 ಮೈಕ್ರೋಲೀಟರ್, ಮೂರು ಮೂರು ಬಾವಿ. ಒಟ್ಟು ಸುಮಾರು 60 ಮೈಕ್ರೋಗ್ರಾಂ ಸಾಕು. 5 ಮಿ.ಗ್ರಾಂ ಇದ್ದರೆ 80 ಸಲ ಮಾಡಬಹುದು. ಗ್ರಾಂಗಟ್ಟಲೆ ವಿಷಕ್ಕೆ ದುಡ್ಡು ಸುರಿಯಬೇಡಿ, ಆ ದುಡ್ಡಲ್ಲಿ ಶುದ್ಧ ಮೆಲಿಟಿನ್ ಮತ್ತು ಎಚ್‌ಪಿಎಲ್‌ಸಿ ಮಾಡಿಸಿ.

ಕೊನೆಗೆ ಬೇಕಾಗಿರೋದು ಒಂದು ಭಾಗಾಕಾರ: ಕುರಿಯ ಜೀವಕೋಶ ಅರ್ಧ ಸಾಯುವ ಪ್ರಮಾಣವನ್ನು ಪರೋಪಜೀವಿ ಅರ್ಧ ಸಾಯುವ ಪ್ರಮಾಣದಿಂದ ಭಾಗಿಸಿ. 10 ದಾಟಿದರೆ ಮುಂದೆ ಯೋಚಿಸಬಹುದು. 1ರ ಸುತ್ತ ಇದ್ದರೆ ನಿಮ್ಮ ಕೈಯಲ್ಲಿರೋದು ಔಷಧಿಯಲ್ಲ, ಸೋಪು. ಬದಲಾವಣೆ ಮಾಡದ ಮೆಲಿಟಿನ್ ಕೆಲವೇ ಮೈಕ್ರೋಮೋಲಾರ್‌ನಲ್ಲಿ ಮನುಷ್ಯನ ರಕ್ತಕಣ ಒಡೆಯುತ್ತೆ ಅನ್ನೋದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಶುರು ಮಾಡಿ. ಪ್ರಶ್ನೆ "ಕೊಲ್ಲುತ್ತಾ" ಅನ್ನೋದಲ್ಲ, "ಯಾರನ್ನು ಮೊದಲು ಕೊಲ್ಲುತ್ತೆ" ಅನ್ನೋದು.

ಶಿರಾ_ಹಟ್ಟಿ

ಇಬ್ಬರಿಗೂ, ತೆಂಗಿನತೋಟದವರಿಗೂ ತುಂಬಾ ಥ್ಯಾಂಕ್ಸ್ ಸರ್. ಮರಿ ಪರೀಕ್ಷೆಯನ್ನು ತೊಳೆದು ವರ್ಗಾಯಿಸುವ ವಿಧಾನದಲ್ಲಿ ಮತ್ತೆ ಮಾಡುತ್ತೇನೆ. ರಕ್ತಕಣದ್ದೂ ಹೆಪಾರಿನ್‌ನಲ್ಲಿ ಮೊದಲಿಂದ.

ಇನ್ನೆರಡು ಕೇಳಬೇಕು. ದೊಡ್ಡ ಹುಳುಗಳನ್ನು ಕಸಾಯಿಖಾನೆಯಿಂದ ತಂದರೆ ಲ್ಯಾಬ್ ತಲುಪೋ ಹೊತ್ತಿಗೆ ಅರ್ಧಕ್ಕರ್ಧ ಮುದುಡಿಕೊಂಡು ಅಲ್ಲಾಡೋದೇ ಇಲ್ಲ. ಏನು ತಪ್ಪಾಗುತ್ತಿದೆ? ಲೀಶ್ಮೇನಿಯಾ ಬಗ್ಗೆ ಯಾರಾದರೂ ಹೇಳುತ್ತೀರಾ?

ಪಾವಗಡ_ಪಶುವೈದ್ಯ

ತಣ್ಣಗಾಗುತ್ತಿವೆ, ಅಷ್ಟೇ. ಕುರಿಯ ಮೈ 39 ಡಿಗ್ರಿ. ಥರ್ಮಾಸ್‌ಗೆ ಮೊದಲು ಬಿಸಿನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ 38 ಡಿಗ್ರಿಯ ಶೇ 0.9 ಉಪ್ಪುನೀರು ಹಾಕಿ. ತಣ್ಣನೆಯ ಥರ್ಮಾಸ್‌ಗೆ ಬೆಚ್ಚಗಿನ ನೀರು ಹಾಕಿದರೆ ಗಾಜೇ ಅರ್ಧ ಬಿಸಿ ಹೀರುತ್ತೆ. ಕೊಯ್ದ ಅರ್ಧ ಗಂಟೆಯೊಳಗೆ ನಾಲ್ಕನೇ ಹೊಟ್ಟೆಯ ಎರಡು ಬಾಯಿಗೂ ದಾರ ಕಟ್ಟಿಸಿ, ದೊಡ್ಡ ಬಾಗಿನ ಉದ್ದಕ್ಕೆ ಸೀಳಿ. ಹೆಣ್ಣು ಹುಳು ಗುರುತು ಹಿಡಿಯೋದು ಸುಲಭ, ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿ ಅಂಡಾಶಯ ಹುರಿ ಹೊಸೆದ ಹಾಗೆ ಸುತ್ತಿರುತ್ತೆ. ಚಿಮುಟದಿಂದ ಎಳೆಯಬೇಡಿ, ಬಾಯಿ ಕಿತ್ತು ಬರುತ್ತೆ. ಮೆತ್ತನೆಯ ಕುಂಚದಿಂದ ಬಿಡಿಸಿ.

24 ಬಾವಿಯ ಪ್ಲೇಟಿನಲ್ಲಿ ಬಾವಿಗೆ 10 ಹೆಣ್ಣು, ಪೆನಿಸಿಲಿನ್ ಸ್ಟ್ರೆಪ್ಟೊಮೈಸಿನ್ ಸೇರಿಸಿ, 37 ಡಿಗ್ರಿ. ಅರ್ಧ, 1, 2, 4, 8, 24 ಗಂಟೆಗೆ ಚಲನೆ ನೋಡಿ. ಒಂದು ಬಾವಿ ಹೋಲಿಕೆಗೆ, ಲೆವಮಿಸೋಲ್ ಎಂಬ ಜಂತುನಾಶಕಕ್ಕೆ. ಅಲ್ಲಾಡದ ಹುಳುವನ್ನು ಸತ್ತಿದೆ ಅಂತ ಬರೆಯುವ ಮುಂಚೆ ಶುದ್ಧ ಬೆಚ್ಚಗಿನ ದ್ರಾವಣಕ್ಕೆ ಹಾಕಿ ಅರ್ಧ ಗಂಟೆ ಕಾಯಿರಿ. ಎದ್ದರೆ ಅದು ಮರಗಟ್ಟಿದ್ದು, ಸತ್ತದ್ದಲ್ಲ. ವಿಷವಿಲ್ಲದ ಬಾವಿಯಲ್ಲೇ 24 ಗಂಟೆಗೆ ಹುಳು ಸಾಯತೊಡಗಿದರೆ ಆ ದಿನದ ಪ್ಲೇಟನ್ನು ಪೂರ್ತಿ ಬಿಟ್ಟುಬಿಡಿ.

ದೊಡ್ಡ ಹುಳುವಿನ ಚರ್ಮವೂ ಪೆಪ್ಟೈಡನ್ನು ಒಳಗೆ ಬಿಡಲ್ಲ. ಒಳದಾರಿ ಅದರ ಬಾಯಿ, ಕರುಳು. ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಬಂದ ಬಾರ್ಬರ್‌ವ್ಯಾಕ್ಸ್ ಲಸಿಕೆ ಕೆಲಸ ಮಾಡೋದು ಇದೇ ದಾರಿಯಲ್ಲಿ: ಕುರಿಯ ರಕ್ತದಲ್ಲಿ ತಯಾರಾದ ಪ್ರತಿಕಾಯಗಳನ್ನು ಹುಳು ಕುಡಿಯುತ್ತೆ, ಅವು ಹುಳುವಿನ ಕರುಳಿನ ಪೊರೆಗೆ ಅಂಟುತ್ತವೆ. ಕರುಳು ಒಳ್ಳೆಯ ಗುರಿ ಅನ್ನೋದು ಗಟ್ಟಿ. ಆದರೆ ರಕ್ತಕಣ ಒಡೆಯುವ ಪೆಪ್ಟೈಡನ್ನು ಕುರಿಯ ರಕ್ತಕ್ಕೆ ಬಿಟ್ಟು ಹುಳುವಿಗೆ ಕುಡಿಸೋಕೆ ಆಗುತ್ತಾ? ಬಾಯಿಗೆ ಕುಡಿಸಿದರೆ ನಾಲ್ಕನೇ ಹೊಟ್ಟೆಯ ಹುಳಿ ಪಿಎಚ್ 2ರಿಂದ 3, ಪೆಪ್ಸಿನ್ ಕಾದು ಕೂತಿರುತ್ತೆ. ನಿಮ್ಮ ಪ್ರಯೋಗಕ್ಕೆ ಒಂದು ಸಣ್ಣ ಸೇರ್ಪಡೆ: ವಿಷವನ್ನು ಪಿಎಚ್ 2.5ರಲ್ಲಿ ಪೆಪ್ಸಿನ್ ಜೊತೆ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಪಿಎಚ್ ಸರಿಮಾಡಿ, ಮತ್ತೆ ರಕ್ತಕಣದ ಮೇಲೆ ನೋಡಿ. ಎಷ್ಟು ಶಕ್ತಿ ಉಳಿಯಿತು ಅನ್ನೋದೇ ಅರ್ಧ ಅಧ್ಯಾಯ ಆಗುತ್ತೆ.

ಇನ್ನೊಂದು ಮಾತು. ಹಟ್ಟಿಗೆ ಹಿಕ್ಕೆ ತರಲು ಹೋದಾಗ ಕುರಿಗಾರರು "ಜೇನು ವಿಷ ಕೊಟ್ರೆ ಹುಳ ಹೋಗ್ತದಂತಲ್ಲಾ" ಅಂತ ಕೇಳೇ ಕೇಳುತ್ತಾರೆ. ಇಲ್ಲ ಅಂತ ಸ್ಪಷ್ಟವಾಗಿ ಹೇಳಿ ಬನ್ನಿ. ಕುರಿಗೆ ಜೇನುಹುಳ ಕಚ್ಚಿಸೋದು, ಪುಡಿ ಕಲಸಿ ಕುಡಿಸೋದು ಯಾವುದೂ ಬೇಡ. ಅವರಿಗೆ ಈಗಲೇ ಉಪಯೋಗಕ್ಕೆ ಬರೋದು ಬೇರೆ: ಕಣ್ಣಿನ ಕೆಳರೆಪ್ಪೆ ಮಡಿಚಿ ಬಣ್ಣ ನೋಡೋದು, ಬಿಳಿಚಿಕೊಂಡ ಕುರಿಗೆ ಮೊದಲು ಔಷಧಿ ಕೊಡಿಸೋದು. ತೂಕವನ್ನು ಕಣ್ಣಂದಾಜಿನಲ್ಲಿ ಹೇಳಿ ಕಡಿಮೆ ಔಷಧಿ ಕುಡಿಸೋದು ಹುಳುವಿಗೆ ಅಭ್ಯಾಸ ಮಾಡಿಸಿದ ಹಾಗೆ. ಔಷಧಿ ಕೊಟ್ಟ ದಿನ ಮತ್ತು 14ನೇ ದಿನ ಹಿಕ್ಕೆಯ ಮೊಟ್ಟೆ ಎಣಿಸಿ, ಶೇ 95ರಷ್ಟು ಇಳಿಯದಿದ್ದರೆ ಆ ಔಷಧಿ ಆ ಹಟ್ಟಿಯಲ್ಲಿ ಸೋಲುತ್ತಿದೆ. ನಿಮ್ಮ ಎಣಿಕೆಯ ಫಲಿತಾಂಶವನ್ನು ಅವರಿಗೂ ತಿಳಿಸಿ, ಹಿಕ್ಕೆ ಕೊಟ್ಟವರು ಅವರೇ.

ಗೌರಿಬಿದನೂರು_ಸೆಲ್

ಲೀಶ್ಮೇನಿಯಾಗೆ ಚಿಪ್ಪೂ ಇಲ್ಲ, ಗಟ್ಟಿ ಚರ್ಮವೂ ಇಲ್ಲ. ಬರೀ ಪೊರೆ, ಅದರ ಮೇಲೆ ಸಕ್ಕರೆ ಕೊಬ್ಬಿನ ಹೊದಿಕೆ. ಪೊರೆ ತೂತು ಮಾಡುವ ಪೆಪ್ಟೈಡಿಗೆ ಹುಳುವಿಗಿಂತ ಇದು ತಕ್ಕ ಎದುರಾಳಿ. ಇದರಿಂದ ಬರುವ ಕಾಳಾ ಅಜಾರ್ ಬಿಹಾರ, ಜಾರ್ಖಂಡ್ ಕಡೆಯ ಕಾಯಿಲೆ, ಆದರೆ ಅದರ ಜೀವಿಯನ್ನು ಬೆಳೆಸಿ ಪರೀಕ್ಷೆ ಮಾಡಲು ಎರಡನೇ ಹಂತದ ಜೈವಿಕ ಸುರಕ್ಷತೆಯ ಲ್ಯಾಬ್ ಮತ್ತು ಸಂಸ್ಥೆಯ ಸಮಿತಿಯ ಅನುಮತಿ ಬೇಕು. ಎಂಟು ತಿಂಗಳಲ್ಲಿ ಎರಡು ತಿಂಗಳು ಅನುಮತಿಗೇ ಹೋಗಬಹುದು. ಬೆಂಗಳೂರಿನಲ್ಲಿ ಈಗಾಗಲೇ ಬೆಳೆಸುತ್ತಿರುವ ಲ್ಯಾಬ್ ಜೊತೆ ಕೂಡಿ ಮಾಡೋದು ಲೇಸು.

ಬಹಳ ಜನ ಎಡವುವ ಜಾಗ ಹೇಳುತ್ತೇನೆ. ಬಾಲ ಇರುವ ರೂಪ, ಪ್ರೊಮಾಸ್ಟಿಗೋಟ್, ಮರಳುನೊಣದ ಹೊಟ್ಟೆಯಲ್ಲಿ ಇರೋದು. ಎಂ199 ದ್ರಾವಣ, ಶೇ 10 ಸೀರಂ, 25 ಡಿಗ್ರಿ, ಮಿ.ಲೀ.ಗೆ 10 ಲಕ್ಷ ಜೀವಿ, 72 ಗಂಟೆ, ಬದುಕಿರುವುದನ್ನು ತೋರಿಸುವ ರೆಸಜುರಿನ್ ಬಣ್ಣ. ಸುಲಭ, ಹಾಗಾಗಿ ಎಲ್ಲರೂ ಇಲ್ಲೇ ನಿಲ್ಲುತ್ತಾರೆ. ರೋಗಿಯ ಮೈಯಲ್ಲಿ ಇರೋದು ಬಾಲವಿಲ್ಲದ ಅಮಾಸ್ಟಿಗೋಟ್, ಅದೂ ಮ್ಯಾಕ್ರೊಫೇಜ್ ಎಂಬ, ರೋಗಾಣು ನುಂಗುವ ಜೀವಕೋಶದ ಒಳಗಿನ ಹುಳಿ ಚೀಲದಲ್ಲಿ. ವಿಷ ಅಲ್ಲಿಗೆ ಹೋಗಬೇಕಾದರೆ ಮೊದಲು ಮ್ಯಾಕ್ರೊಫೇಜ್ ಪೊರೆ ದಾಟಬೇಕು. ಪೊರೆ ಒಡೆದು ದಾಟಿದರೆ ಮನೆಯೇ ಬಿದ್ದ ಹಾಗೆ.

ಕ್ರಮ ಹೀಗಿರಲಿ. ಟಿಎಚ್‌ಪಿ1 (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯನ ಬಿಳಿರಕ್ತಕಣ) ಜೀವಕೋಶವನ್ನು ಮ್ಯಾಕ್ರೊಫೇಜ್ ಮಾಡಲು ಮಿ.ಲೀ.ಗೆ 50 ನ್ಯಾನೋಗ್ರಾಂ ಪಿಎಂಎ ಎಂಬ ರಾಸಾಯನಿಕ, 48 ಗಂಟೆ. ಮೊದಲು ಈ ಜೀವಕೋಶ ಅರ್ಧ ಸಾಯುವ ಪ್ರಮಾಣ ಹುಡುಕಿ, ಮುಂದಿನ ಯಾವ ಬಾವಿಯಲ್ಲೂ ಅದರ ಅರ್ಧ ದಾಟಬೇಡಿ. ಒಂದು ಜೀವಕೋಶಕ್ಕೆ 10 ಪರೋಪಜೀವಿ ಹಾಕಿ, 24 ಗಂಟೆ ಬಿಟ್ಟು ಹೊರಗುಳಿದದ್ದನ್ನು ತೊಳೆಯಿರಿ. ಆಮೇಲೆ ವಿಷ, 37 ಡಿಗ್ರಿ, 72 ಗಂಟೆ. ಜೀಮ್ಸಾ ಬಣ್ಣ ಹಾಕಿ ಕನಿಷ್ಠ 100 ಮ್ಯಾಕ್ರೊಫೇಜ್‌ನಲ್ಲಿ ಎಣಿಸಿ. ಮ್ಯಾಕ್ರೊಫೇಜ್‌ಗಳ ಸಂಖ್ಯೆಯನ್ನೂ ಬರೆಯಿರಿ, ಅರ್ಧ ಉದುರಿಹೋಗಿದ್ದರೆ ಉಳಿದವುಗಳ ಎಣಿಕೆಗೆ ಬೆಲೆಯಿಲ್ಲ. ಹೋಲಿಕೆಗೆ ಕಾಳಾ ಅಜಾರ್ ಔಷಧಿಗಳಾದ ಮಿಲ್ಟೆಫೊಸಿನ್ ಅಥವಾ ಆಂಫೊಟೆರಿಸಿನ್ ಬಿ. ಪದೇ ಪದೇ ಉಪಬೆಳೆ ಮಾಡಿದ ಜೀವಿಗೆ ಸೋಂಕು ಹಚ್ಚುವ ಶಕ್ತಿ ಕುಗ್ಗುತ್ತೆ, ಹೊಸ ಸೀಸೆಯಿಂದ ಶುರು ಮಾಡಿ.

ಇಲ್ಲಿ ಎರಡು ಬಲೆ. ಸೀರಂನ ಆಲ್ಬುಮಿನ್, ಕೊಬ್ಬಿನ ಕಣಗಳು ಮೆಲಿಟಿನ್ ಹಿಡಿದುಕೊಳ್ಳುತ್ತವೆ. ಸೀರಂ ಇಲ್ಲದೆ ಬಂದ ಅಂಕಿ ನೋಡಿ ಸಂತೋಷಪಡಬೇಡಿ, ರೋಗಿಯ ಮೈಯಲ್ಲಿ ಸೀರಂ ಇದ್ದೇ ಇರುತ್ತೆ. ಎರಡೂ ಅಂಕಿ ಕೊಡಿ. ಇನ್ನೊಂದು, ಹಲಗೆಯಿಂದ ಕೆರೆದ ವಿಷದಲ್ಲಿ ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ಗೋಡೆಯ ವಿಷ) ಇರಬಹುದು. ಅದು ಮ್ಯಾಕ್ರೊಫೇಜ್‌ಗಳನ್ನು ಕೆರಳಿಸಿದರೆ ಒಳಗಿನ ಪರೋಪಜೀವಿಯನ್ನು ಅವೇ ಕೊಲ್ಲುತ್ತವೆ. ಕೀರ್ತಿ ಮಾತ್ರ ವಿಷಕ್ಕೆ ಹೋಗುತ್ತೆ. ಎಂಡೊಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆ ಮಾಡಿಸಿ, ಪಕ್ಕದಲ್ಲಿ ಕೃತಕ ಮೆಲಿಟಿನ್ ಸಾಲು ಇಡಿ. ಕೃತಕದ್ದು ಕೊಲ್ಲದೆ ಹಲಗೆಯದು ಮಾತ್ರ ಕೊಂದರೆ ಮೊದಲು ಎಂಡೊಟಾಕ್ಸಿನ್ ಮೇಲೆ ಅನುಮಾನ ಪಡಿ, ಆಮೇಲೆ ಫಾಸ್ಫೊಲೈಪೇಸ್ ಮೇಲೆ.

ಮಲೇರಿಯಾಕ್ಕೆ ಹೋಗುವ ಯೋಚನೆ ಇದ್ದರೆ ಇನ್ನೂ ಜಾಗ್ರತೆ. ಅದು ಇರೋದೇ ರಕ್ತಕಣದೊಳಗೆ. ಕಣ ಒಡೆದರೂ "ಪರೋಪಜೀವಿ ಸತ್ತಿತು" ಅಂತಲೇ ಅಂಕಿ ಬರುತ್ತೆ. ಜೇನು ವಿಷದ ಫಾಸ್ಫೊಲೈಪೇಸನ್ನು ಸೊಳ್ಳೆಯ ಕರುಳಿನಲ್ಲೇ ತಯಾರಾಗುವಂತೆ ಮಾಡಿ ಮಲೇರಿಯಾ ಜೀವಿಯ ಬೆಳವಣಿಗೆ ತಡೆದ ಕೆಲಸ 2002ರಲ್ಲೇ ಪ್ರಕಟವಾಗಿದೆ. ಅಲ್ಲಿ ವಿಷ ರೋಗಿಯ ಮೈಗೆ ಬರೋದೇ ಇಲ್ಲ. ಆ ದಾರಿ ನನಗೆ ತುಂಬಾ ಹಿಡಿಸಿತು.

ಶಿರಾ_ಹಟ್ಟಿ

ಅರ್ಥವಾಯಿತು ಮೇಡಂ. ಹೀಮಾಂಕಸ್ ಮತ್ತು ಪೆಪ್ಸಿನ್ ಇಲ್ಲಿ ಮಾಡಿ, ಲೀಶ್ಮೇನಿಯಾಗೆ ಕೃತಕ ಮೆಲಿಟಿನ್ ಕಳಿಸಿ ಬೆಂಗಳೂರಲ್ಲಿ ಮಾಡಿಸುವ ಪ್ರಯತ್ನ ಮಾಡುತ್ತೇನೆ. ನಾಗರಹಾವು, ಕೊಳಕು ಮಂಡಲದ ವಿಷವನ್ನೂ ಹೋಲಿಕೆಗೆ ಸೇರಿಸಿ ಅಂತ ಒಬ್ಬರು ಹೇಳಿದರು. ಹಾವು ಹಿಡಿಯುವವರು ಕೊಡುತ್ತೇವೆ ಅಂತಾರೆ.

ಕೋಲಾರ_ಪೆಪ್ಟೈಡ್

ತಗೋಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವಿನ ವಿಷಕ್ಕೂ ಅನ್ವಯಿಸುತ್ತೆ. ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಇಲ್ಲದೆ ಇಟ್ಟುಕೊಂಡರೆ ನಿಮ್ಮ ಮೇಲೂ ಕೇಸು, ಕೊಟ್ಟವರ ಮೇಲೂ ಕೇಸು. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ 1978ರಿಂದ ಇರುವ ಇರುಳರ ಸಹಕಾರ ಸಂಘ ಕಾನೂನುಬದ್ಧವಾಗಿ ವಿಷ ತೆಗೆಯುತ್ತೆ, ಅಲ್ಲಿಂದಲೂ ನಿಮ್ಮ ಸಂಸ್ಥೆಯ ಹೆಸರಲ್ಲಿ, ಕಾಗದಪತ್ರದ ಮೂಲಕವೇ ಆಗಬೇಕು. ಎಂಟು ತಿಂಗಳ ಪ್ರಾಜೆಕ್ಟಿಗೆ ಆ ಹೊರೆ ಬೇಡ. ಕುರಿ ಕಣದ ಪೊರೆಯ ಸಮಸ್ಯೆ ನಾಗರಹಾವಿನ ಫಾಸ್ಫೊಲೈಪೇಸ್‌ಗೆ ಇನ್ನೂ ಜೋರು, ಕಣ ಒಡೆಯದ್ದನ್ನು ನೋಡಿ ಸುರಕ್ಷಿತ ಅಂದುಕೊಂಡುಬಿಡುತ್ತೀರಿ.

ಪಾವಗಡ_ಪಶುವೈದ್ಯ

ಮರಿ ಪರೀಕ್ಷೆ ಮತ್ತೆ ಹಾಕುವಾಗ ಪ್ಲೇಟಿನ ನಾಲ್ಕೂ ಅಂಚಿನ ಬಾವಿಗಳಿಗೆ ಬರೀ ನೀರು ತುಂಬಿ, ಒಳಗಿನ 60 ಬಾವಿ ಮಾತ್ರ ಬಳಸಿ. ಏಳು ದಿನದಲ್ಲಿ ಅಂಚಿನವು ಒಣಗುತ್ತವೆ, ಒಣಗಿದ ಬಾವಿಯಲ್ಲಿ ವಿಷದ ಪ್ರಮಾಣ ತಾನಾಗೇ ಏರುತ್ತೆ. ಒದ್ದೆ ಹತ್ತಿ ಇಟ್ಟ ಡಬ್ಬಿಯೊಳಗೆ ಪ್ಲೇಟ್ ಇಡಿ. ಬೂಸು ಬಂದರೆ ಆಂಫೊಟೆರಿಸಿನ್ ಸೇರಿಸಿ, ಆದರೆ ವಿಷವಿಲ್ಲದ ಬಾವಿಗೂ ಅಷ್ಟೇ ಸೇರಿಸಿ. ಒಂದೇ ಪ್ಲೇಟಿನ ಮೂರು ಬಾವಿಗಳನ್ನು ಮೂರು ಪ್ರಯೋಗ ಅಂತ ಎಣಿಸಬೇಡಿ, ಮೂರು ಬೇರೆ ದಿನ, ಮೂರು ಬೇರೆ ಹಟ್ಟಿಯ ಮೊಟ್ಟೆ ಬೇಕು. ಶಿರಾದಿಂದ ಒಂದು, ಮಧುಗಿರಿಯಿಂದ ಒಂದು ತನ್ನಿ. ಮೂರನೆಯದಕ್ಕೆ ಪಾವಗಡಕ್ಕೆ ಬರೋದಾದರೆ ಬೆಳಗ್ಗೆ ಕುರಿ ಮೇಯಲು ಬಿಡುವ ಮುಂಚೆಯೇ ಹಟ್ಟಿಯಲ್ಲಿರಿ, ಜರಡಿಗಳನ್ನೂ ಉಪ್ಪುನೀರನ್ನೂ ಜೊತೆಗೇ ತನ್ನಿ. ಇಲ್ಲಿಂದ ತುಮಕೂರಿಗೆ ದೂರ ಹೆಚ್ಚು, ಮೊಟ್ಟೆ ತೊಳೆಯುವವರೆಗಿನ ಕೆಲಸ ಇಲ್ಲೇ ಮುಗಿಸಿಕೊಂಡು ಹೊರಟರೆ ಮೂರು ಗಂಟೆಯ ಗಡುವಿನೊಳಗೆ ಬಾವಿಗೆ ಹಾಕಬಹುದು.